ಹಿಡಿದುಕೊಂಡವರು ಯಾರು?

ನಮ್ಮ ಮನೆಗಳಲ್ಲಿ ‘ನಿಶ್ಚಯ’ ಎಂಬ ಮಾತು ಬಂದರೆ ಅದು ಮದುವೆಗೆ ಸಂಬಂಧಿಸಿದ್ದು. ಹುಡುಗಿಗೆ ನಿಶ್ಚಯವಾಯಿತಂತೆ ಎಂದರೆ ತಾಂಬೂಲ ಬದಲಾಯಿಸಿದರು, ಮಾತು ಮುಗಿಯಿತು, ಇನ್ನು ಹಿಂದೆ ಸರಿಯುವಂತಿಲ್ಲ ಎಂದು ಅರ್ಥ. ಆದರೂ ತಾಳಿ ಕಟ್ಟುವವರೆಗೆ ತಾಯಿಯ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ತಾಳಿ ಕಟ್ಟಿದ ಮೇಲೆ ಮಗಳು ಹೇಗೆ ಬಾಳುತ್ತಾಳೋ ಎಂಬ ಚಿಂತೆ. ನಿಶ್ಚಯ ಒಂದು ದಿನದ ಮಾತು, ಬಾಳುವೆ ದಿನದಿನದ ಮಾತು. ಕ್ರೈಸ್ತ ಧರ್ಮದ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಈ ಎರಡರ ನಡುವಿನ ಕಳವಳವೇ. ನಮ್ಮ ಕಡೆಯ ಪ್ರಾಟೆಸ್ಟೆಂಟ್ ಕ್ರೈಸ್ತರು ಇದಕ್ಕೆ ‘ರಕ್ಷಣೆಯ ನಿಶ್ಚಯ’ ಎನ್ನುತ್ತಾರೆ. ದೇವರು ನನ್ನನ್ನು ಕೈಹಿಡಿದಿದ್ದಾನೆ ಎಂದು ನಾನು ಹೇಗೆ ತಿಳಿಯಲಿ? ಹಿಡಿದಿದ್ದರೂ ಕಡೆಯ ತನಕ ನಾನು ಉಳಿದೇನೆಯೆ? ಈ ಎರಡು ಪ್ರಶ್ನೆಗಳಿಗಾಗಿ ಯುರೋಪಿನಲ್ಲಿ ದೊಡ್ಡ ದೊಡ್ಡ ಸಭೆಗಳು ಸೇರಿದವು, ತಲೆಗಳು ಉರುಳಿದವು. ಆದರೆ ಅದರ ನಿಜವಾದ ಭಾರವನ್ನು ಹೊತ್ತವರಲ್ಲಿ ಹೆಂಗಸರು ಬಹಳ.

1431ನೆಯ ಇಸವಿ ಫೆಬ್ರವರಿ 24. ಫ್ರಾನ್ಸಿನ ರುಆನ್ ಪಟ್ಟಣದಲ್ಲಿ ಸುಮಾರು ಹತ್ತೊಂಬತ್ತು ವರ್ಷದ ರೈತರ ಹುಡುಗಿಯೊಬ್ಬಳು ವಿಚಾರಣೆಗೆ ನಿಂತಿದ್ದಳು. ಆಕೆ ಜೋನ್ ಆಫ್ ಆರ್ಕ್. ಎದುರಿಗೆ ಓದಿದ ಪಂಡಿತರ ಸಾಲು. ಅವರು ಕೇಳಿದ ಪ್ರಶ್ನೆ, ನೀನು ದೇವರ ಕೃಪೆಯಲ್ಲಿ ಇದ್ದೀಯೆಂದು ನಿನಗೆ ಗೊತ್ತೆ ಎಂದು. ಕೇಳುವುದಕ್ಕೆ ಸರಳ, ಆದರೆ ಒಳಗೆ ಉರುಳು ಇತ್ತು. ತಾನು ಕೃಪೆಯಲ್ಲಿರುವುದನ್ನು ಯಾರೂ ಖಂಡಿತವಾಗಿ ತಿಳಿಯಲಾರರು ಎಂದು ಆ ಕಾಲದ ಧರ್ಮಸಭೆ ಕಲಿಸುತ್ತಿತ್ತು. ಹೌದು ಎಂದರೆ ಅಹಂಕಾರ, ಇಲ್ಲ ಎಂದರೆ ತಪ್ಪೊಪ್ಪಿಗೆ. ಜೋನ್ ಎರಡನ್ನೂ ಹೇಳಲಿಲ್ಲ. ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿ ಸೇರಿಸಲಿ, ಇದ್ದರೆ ಅಲ್ಲೇ ಉಳಿಸಲಿ ಎಂಬರ್ಥದ ಉತ್ತರ ಕೊಟ್ಟಳು. ಕೇಳಿದವರು ಬೆರಗಾದರಂತೆ. ಓದುಬರಹ ಬಾರದ ಹುಡುಗಿ ಪಂಡಿತರ ಗಂಟನ್ನು ಹಾಗೆ ಬಿಚ್ಚಿಬಿಟ್ಟಳು.

ಆದರೆ ಇದೇ ಜೋನ್ ಮೇ 24ರಂದು ಬೆಂಕಿಯ ಭಯಕ್ಕೆ ತನ್ನ ಮಾತುಗಳನ್ನೆಲ್ಲ ಹಿಂತೆಗೆದುಕೊಂಡು ಕಾಗದಕ್ಕೆ ಗುರುತು ಹಾಕಿದಳು. ನಾಲ್ಕು ದಿನಗಳಲ್ಲಿ ಮತ್ತೆ ಎದ್ದು ನಿಂತು, ಹೆದರಿ ಹಾಗೆ ಮಾಡಿದೆ ಎಂದಳು. ಮೇ 30ರಂದು ಆಕೆಯನ್ನು ಸುಟ್ಟರು. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ಅದೇ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. ತರಗತಿಯಲ್ಲಿ ಜೋನಳ ಕಥೆ ಹೇಳುವಾಗ ನಾನು ಆ ನಾಲ್ಕು ದಿನಗಳನ್ನು ಬಿಡುವುದಿಲ್ಲ. ಹುಡುಗಿಯರಿಗೆ ಗೊತ್ತಿರಬೇಕು, ಸಂತರೂ ಹೆದರುತ್ತಾರೆ.

ಲೂಥರ್ 1517ರಲ್ಲಿ ಎತ್ತಿದ ಪ್ರತಿಭಟನೆಯ ಮೂಲದಲ್ಲಿಯೂ ಈ ಹೆದರಿಕೆಯೇ ಇತ್ತು. ಎಷ್ಟು ಉಪವಾಸ, ಎಷ್ಟು ಜಪ, ಎಷ್ಟು ತಪ್ಪೊಪ್ಪಿಗೆ ಮಾಡಿದರೆ ಸಾಕು? ಸಾಕಾಯಿತೆಂದು ಹೇಳುವವರಾರು? ಮನುಷ್ಯನ ಪುಣ್ಯದ ಲೆಕ್ಕದ ಮೇಲೆ ಅಲ್ಲ, ದೇವರು ಕೊಟ್ಟ ಮಾತಿನ ಮೇಲೆ ನಂಬಿಕೆಯಿಟ್ಟವನು ನೆಮ್ಮದಿಯಿಂದ ಇರಬಹುದು ಎಂದು ಲೂಥರ್ ಸಾರಿದ. ಕ್ಯಾಥೊಲಿಕರು 1547ರಲ್ಲಿ ಟ್ರೆಂಟ್ ಪಟ್ಟಣದ ಮಹಾಸಭೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ದೇವರ ಕರುಣೆಯಲ್ಲಿ ದೃಢವಾದ ಭರವಸೆ ಇಡಬೇಕು. ಆದರೆ ಕಡೆಯ ತನಕ ಉಳಿಯುವುದು ದೇವರ ಕೊಡುಗೆ, ವಿಶೇಷವಾಗಿ ದೇವರೇ ತಿಳಿಸಿದ ಹೊರತು ನನಗೆ ಅದು ಖಂಡಿತ ಸಿಕ್ಕೇ ಇದೆ ಎಂದು ಯಾರೂ ಹೇಳಬಾರದು ಎಂದರು. ಒಬ್ಬರು ಅಂಜಿಕೆಗೆ ಮದ್ದು ಹುಡುಕುತ್ತಿದ್ದರು, ಇನ್ನೊಬ್ಬರು ಅಹಂಕಾರಕ್ಕೆ. ಎರಡೂ ನಮ್ಮಲ್ಲಿರುವ ಕಾಯಿಲೆಗಳೇ.

ನಮ್ಮವರಿಗೆ ಈ ವಾದ ಹೊಸದಲ್ಲ. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಎಂಬ ಎರಡು ಪಂಗಡಗಳಿವೆಯಷ್ಟೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ತಾಯಿ ಮರದಿಂದ ಮರಕ್ಕೆ ಹಾರುವಾಗ ಮರಿ ಕೈಬಿಡಬಾರದು. ಬೆಕ್ಕಿನ ಮರಿಗೆ ಆ ಕಷ್ಟವಿಲ್ಲ. ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಮೊದಲನೆಯದು ಮರ್ಕಟ ನ್ಯಾಯ, ಎರಡನೆಯದು ಮಾರ್ಜಾಲ ನ್ಯಾಯ. ಭಕ್ತ ದೇವರನ್ನು ಹಿಡಿದುಕೊಳ್ಳಬೇಕೋ, ದೇವರೇ ಭಕ್ತನನ್ನು ಹಿಡಿದುಕೊಳ್ಳುತ್ತಾನೋ? ಆ ಜನ ಈ ಜನರನ್ನು ಕಂಡದ್ದಿಲ್ಲ, ಆದರೆ ಪ್ರಶ್ನೆ ಮಾತ್ರ ಒಂದೇ. ಮನುಷ್ಯನ ಸಂಕಟ ಒಂದೇ ಆಗಿದ್ದರೆ ಪ್ರಶ್ನೆಯೂ ಒಂದೇ ಆಗುತ್ತದೆ ಎನಿಸುತ್ತದೆ.

ಪ್ರಾಟೆಸ್ಟೆಂಟರಲ್ಲಿ ಈ ಜಗಳ ತಾರಕಕ್ಕೇರಿದ್ದು ಹಾಲೆಂಡಿನಲ್ಲಿ. ಅರ್ಮಿನಿಯಸ್ ಎಂಬ ಪ್ರಾಧ್ಯಾಪಕನ ಶಿಷ್ಯರು 1610ರಲ್ಲಿ ಒಂದು ಮನವಿ ಬರೆದು, ನಿಜವಾದ ವಿಶ್ವಾಸಿಯೂ ಕೃಪೆಯಿಂದ ಪೂರ್ತಿ ಜಾರಿಹೋಗಬಹುದೆ ಎಂಬುದನ್ನು ಸತ್ಯವೇದದಿಂದ ಇನ್ನೂ ವಿಚಾರಿಸಿ ನೋಡಬೇಕು ಎಂದರು. ಇದಕ್ಕೆ ತೀರ್ಮಾನ ಹೇಳಲು 1618ರ ನವೆಂಬರಿನಲ್ಲಿ ಡಾರ್ಟ್ ಪಟ್ಟಣದಲ್ಲಿ ಸಭೆ ಸೇರಿತು. ಇಂಗ್ಲೆಂಡು, ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದಲೂ ಪಂಡಿತರು ಬಂದರು. 1619ರ ಮೇ ತಿಂಗಳವರೆಗೆ ನಡೆದ ಸಭೆ ಬೆಕ್ಕಿನ ಮರಿಯ ಪಕ್ಷಕ್ಕೆ ತೀರ್ಪು ಕೊಟ್ಟಿತು ಎನ್ನಬಹುದು. ದೇವರು ಆರಿಸಿಕೊಂಡವರು ಎಡವಬಹುದು, ದಾವೀದನ ಹಾಗೆ, ಪೇತ್ರನ ಹಾಗೆ ಘೋರವಾಗಿ ಬೀಳಲೂಬಹುದು. ಆದರೆ ದೇವರು ಅವರನ್ನು ಪೂರ್ತಿಯಾಗಿ ಕೈಬಿಡುವುದಿಲ್ಲ, ಕಡೆಗೆ ಎತ್ತಿಯೇ ಎತ್ತುತ್ತಾನೆ.

ಮಾತು ಮೃದು. ಆದರೆ ಅದರ ಹಿಂದೆ ರಾಜಕೀಯದ ಕತ್ತಿಯಿತ್ತು. ಸೋತ ಪಕ್ಷಕ್ಕೆ ಬೆಂಬಲವಾಗಿದ್ದ ಓಲ್ಡನ್‌ಬಾರ್ನೆವೆಲ್ಟ್ ಎಂಬ ವೃದ್ಧ ರಾಜಕಾರಣಿಯ ತಲೆಯನ್ನು 1619ರ ಮೇ 13ರಂದು ಕಡಿದರು. ಆಗ ಆತನಿಗೆ ಎಪ್ಪತ್ತೊಂದು ವರ್ಷ. ಅದೇ ಪಕ್ಷದ ಗ್ರೋಷಿಯಸ್ ಎಂಬ ಕಾನೂನು ಪಂಡಿತನಿಗೆ ಜೀವಾವಧಿ ಸೆರೆ. ಆತನ ಹೆಂಡತಿ ಮರಿಯಾ ತಾನೂ ಕೋಟೆಯೊಳಗೆ ಇದ್ದು, ಗಂಡನಿಗೆ ಪುಸ್ತಕ ತರಿಸುತ್ತಿದ್ದ ಪೆಟ್ಟಿಗೆಯಲ್ಲಿ 1621ರಲ್ಲಿ ಅವನನ್ನೇ ತುಂಬಿ ಹೊರಗೆ ಸಾಗಿಸಿಬಿಟ್ಟಳು. ದೇವರು ಯಾರನ್ನು ಹೇಗೆ ಹಿಡಿದುಕೊಳ್ಳುತ್ತಾನೆ ಎಂದು ಗಂಡಸರು ವಾದ ಮಾಡುತ್ತಿದ್ದಾಗ, ಈ ಹೆಣ್ಣುಮಗಳು ತನ್ನವನನ್ನು ಹಿಡಿದುಕೊಳ್ಳುವ ಬಗೆಯನ್ನು ತಾನೇ ಕಂಡುಕೊಂಡಳು.

ಡಾರ್ಟಿನ ತೀರ್ಮಾನವನ್ನು ಫ್ರಾನ್ಸಿನ ಪ್ರಾಟೆಸ್ಟೆಂಟರು 1620ರಲ್ಲಿ ಆಲೇಸ್ ಎಂಬ ಊರಿನಲ್ಲಿ ಸೇರಿ ಒಪ್ಪಿಕೊಂಡರು. ಅವರನ್ನು ಹ್ಯೂಗೆನಾಟರು ಎನ್ನುತ್ತಿದ್ದರು. 1598ರ ನಾಂಟ್ ಶಾಸನ ಅವರಿಗೆ ತಮ್ಮ ರೀತಿಯಲ್ಲಿ ಪೂಜಿಸುವ ಹಕ್ಕು ಕೊಟ್ಟಿತ್ತು. ಹದಿನಾಲ್ಕನೆಯ ಲೂಯಿ 1685ರಲ್ಲಿ ಅದನ್ನು ಕಿತ್ತುಕೊಂಡ. 1724ರ ರಾಜಾಜ್ಞೆ ಇನ್ನೂ ಕಠೋರ. ಗುಟ್ಟಾಗಿ ಬೋಧಿಸಿದ ಪಾದ್ರಿಗೆ ಮರಣದಂಡನೆ. ಆರಾಧನೆಗೆ ಹೋದ ಗಂಡಸಿಗೆ ಬದುಕಿರುವವರೆಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ಹೆಂಗಸಿಗೆ ಜೀವಾವಧಿ ಸೆರೆ. ಜನ ಬೆಟ್ಟದ ಸಂದುಗಳಲ್ಲಿ ರಾತ್ರಿ ಸೇರಿ ಪ್ರಾರ್ಥಿಸುತ್ತಿದ್ದರು.

ಆ ಬೆಟ್ಟಸೀಮೆಯ ವಿವಾರೆ ಪ್ರಾಂತದಲ್ಲಿ ಬೂಶೆ ದ ಪ್ರಾನ್ಲ್ ಎಂಬ ಹಳ್ಳಿ. ಅಲ್ಲಿಯ ಗುಮಾಸ್ತೆ ಎತಿಯೆನ್ ಡ್ಯುರಾಂ ತನ್ನ ಅಡಿಗೆಮನೆಯ ಒಲೆಯ ಮೇಲಿನ ಕಲ್ಲಿನಲ್ಲಿ ದೇವರಿಗೆ ಸ್ತೋತ್ರವಾಗಲಿ ಎಂಬರ್ಥದ ಮಾತನ್ನು 1694ರ ಇಸವಿಯೊಂದಿಗೆ ಕೆತ್ತಿಸಿದ್ದ. ಆ ಮನೆಯಲ್ಲಿ 1711ರಲ್ಲಿ ಹುಟ್ಟಿದವಳು ಮರೀ ಡ್ಯುರಾಂ. ಅಣ್ಣ ಪಿಯೆರ್ ತಲೆಮರೆಸಿಕೊಂಡು ತಿರುಗುವ ಪಾದ್ರಿಯಾದ. ಅವನು ಸಿಗಲಿಲ್ಲವೆಂದು ಸರ್ಕಾರ 1729ರಲ್ಲಿ ಮುದಿ ತಂದೆಯನ್ನು ಹಿಡಿಯಿತು. ಮಾರನೆಯ ವರ್ಷ ಮರೀಯನ್ನೂ, ಆಕೆಯ ಕೈಹಿಡಿದಿದ್ದ ಮಾಥ್ಯೂ ಸೆರ್‌ನನ್ನೂ ಹಿಡಿದರು. ಆಕೆಯ ವಯಸ್ಸು ಹತ್ತೊಂಬತ್ತು. ಸಂಸಾರ ಎಂಬುದು ಶುರುವಾಗುವ ಮೊದಲೇ ಮುಗಿಯಿತು. ಅಣ್ಣನನ್ನು 1732ರಲ್ಲಿ ಮಾಂಪೆಲಿಯೆ ಪಟ್ಟಣದಲ್ಲಿ ಗಲ್ಲಿಗೇರಿಸಿದರು. ಆದರೂ ತಂಗಿಯನ್ನು ಬಿಡಲಿಲ್ಲ.

ಆಕೆಯನ್ನು ಇಟ್ಟದ್ದು ಸಮುದ್ರದ ಹತ್ತಿರದ ಏಗ್‌ಮೋರ್ಟ್ ಊರಿನ ಕಾನ್‌ಸ್ಟಾನ್ಸ್ ಗೋಪುರದಲ್ಲಿ. ಊರಿನ ಹೆಸರಿನ ಅರ್ಥವೇ ಸತ್ತ ನೀರು. ಸುತ್ತ ಜೌಗು, ಸೊಳ್ಳೆ, ಜ್ವರ. ಗೋಪುರದ ಗೋಡೆಯ ದಪ್ಪ ಸುಮಾರು ಆರು ಮೀಟರು. ಒಂದರ ಮೇಲೊಂದು ಎರಡು ದುಂಡನೆಯ ಕೋಣೆ. ಕಿಟಕಿಯಿಲ್ಲ, ಬಾಣ ಬಿಡುವ ಸೀಳುಗಳು ಮಾತ್ರ. ಮೇಲಿನ ಕೋಣೆಯ ನೆಲದ ನಡುವೆ ಒಂದು ದುಂಡನೆಯ ಕಂಡಿ, ಅದರ ಸುತ್ತ ಕಲ್ಲಿನ ಕಟ್ಟೆ. ಅಲ್ಲಿ ಹೆಂಗಸರು ಅಡಿಗೆಯ ಹೊಗೆ, ಚಳಿಗಾಲದ ಗಾಳಿ, ಬೇಸಗೆಯ ಸೆಕೆ ಎಲ್ಲವನ್ನೂ ಒಟ್ಟಿಗೆ ಉಣ್ಣುತ್ತ ಬದುಕಿದರು. ಬಾಗಿಲಿನ ಬೀಗದಕೈ ಅವರ ಬಾಯಲ್ಲೇ ಇತ್ತು ಎನ್ನಬಹುದು. ನಮ್ಮ ಮತ ಬಿಟ್ಟೆವು ಎಂಬ ಒಂದು ಮಾತು ಹೇಳಿದರೆ ಬಿಡುಗಡೆ. ಕೆಲವರು ಹೇಳಿದರು, ಹೋದರು. ಮರೀ ಹೇಳಲಿಲ್ಲ. ಒಂದು ವರ್ಷವಲ್ಲ, ಹತ್ತು ವರ್ಷವಲ್ಲ, ಮೂವತ್ತೆಂಟು ವರ್ಷ.

ಆ ವರ್ಷಗಳಲ್ಲಿ ಅವಳು ಮಾಡಿದ್ದೇನು? ಭಾಷಣವಿಲ್ಲ, ಪವಾಡವಿಲ್ಲ. ಅವಳಿಗೆ ಓದುಬರಹ ಬರುತ್ತಿತ್ತು. ಬಾರದವರ ಪರವಾಗಿ ಕಾಗದ ಬರೆದಳು. ಕಾಯಿಲೆಯವರನ್ನು ನೋಡಿಕೊಂಡಳು. ಹೊರಗಿನ ಸಭೆಗಳಿಂದ ಬಂದ ನೆರವಿಗೆ ವಂದನೆ ಬರೆದಳು, ಬಾರದೆ ಹೋದಾಗ ನೆನಪಿಸಿದಳು. ಅವಳ ಕಾಗದಗಳು ಸುಮಾರು ಐವತ್ತು ಉಳಿದಿವೆ. ಅವುಗಳಲ್ಲಿ ದೇವರ ಚಿತ್ತದ ಮಾತಿನ ಜೊತೆಗೇ ಬಟ್ಟೆಬರೆಯ ಮಾತು, ಹಣಕಾಸಿನ ಮಾತು, ಜಿನೀವಾದಲ್ಲಿ ಬೆಳೆಯುತ್ತಿದ್ದ ಅಣ್ಣನ ಮಗಳು ಆನ್‌ಳಿಗೆ ಬುದ್ಧಿಮಾತು. ಮನೆ ನಡೆಸುವ ಯಾವ ಹೆಂಗಸಿಗೂ ಈ ಕಾಗದಗಳು ಪರಕೀಯ ಎನಿಸಲಾರವು.

ಆ ಕಲ್ಲುಕಟ್ಟೆಯ ಮೇಲೆ ಯಾರೋ ಒಂದು ಮಾತು ಕೊರೆದಿದ್ದಾರೆ. ಅದನ್ನು ಮರೀಯೇ ಕೊರೆದಳೆಂದು ಪ್ರತೀತಿ. ಆ ಸೀಮೆಯ ಆಡುಮಾತಿನ ಕಾಗುಣಿತದಲ್ಲಿ ‘ರೆಜಿಸ್ಟರ್’ ಎಂದಿದೆ. ನಮಗೆ ಶಾಲೆಯ ಹಾಜರಿ ಪುಸ್ತಕ ನೆನಪಾಗುವಂಥ ಮಾತು! ಅದರ ಅರ್ಥ ‘ಎದುರಿಸಿ ನಿಲ್ಲು’ ಎಂದು. ಒಂದು ರೀತಿಯಲ್ಲಿ ಎರಡೂ ಸರಿಯೇ. ಮೂವತ್ತೆಂಟು ವರ್ಷ ದಿನವೂ ಬೆಳಿಗ್ಗೆ ಎದ್ದು ಹಾಜರಿ ಹೇಳಿದವಳು ಅವಳು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ವೀರಗಾಥೆಯಾಗುತ್ತದೆ, ನಮ್ಮಂಥವರಿಗೆ ದೂರವಾಗುತ್ತದೆ. ಅದೇ ಕೋಣೆಯಲ್ಲಿ ಇಸಬೋ ಮೆನೆ ಎಂಬಾಕೆಯೂ ಇದ್ದಳು. 1735ರಲ್ಲಿ ಬಂದವಳು. ಗಂಡ ಹಡಗಿನ ಶಿಕ್ಷೆಯಲ್ಲೇ ಸತ್ತ. ಅವಳೂ ಮತ ಬಿಡಲಿಲ್ಲ. ಆದರೆ ಬುದ್ಧಿ ಅವಳನ್ನು ಬಿಟ್ಟಿತು. 1750ರಲ್ಲಿ ಬುದ್ಧಿ ಕಲಕಿದ ಅವಳನ್ನು ತೌರಿಗೆ ಒಪ್ಪಿಸಿದರು. ಎದುರಿಸಿ ನಿಲ್ಲು ಎಂಬ ಮಾತು ಅವಳಿಗೆ ಇನ್ನು ಅರ್ಥವಾಗುತ್ತಿತ್ತೆ? ಅವಳು ಉಳಿದವಳೋ, ಜಾರಿದವಳೋ?

ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ ಎಂದು ನನಗೆ ತಿಳಿದದ್ದು ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರಿಂದ. ಅವರು ಕ್ರೈಸ್ತರು, ನನಗಿಂತ ಹಿರಿಯರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ತಾಯಿಗೆ ಎಂಬತ್ತು ದಾಟಿದ ಮೇಲೆ ಮರೆವು ಹತ್ತಿತು. ಮೊದಲು ದಿನ ಮರೆತರು, ಆಮೇಲೆ ಮಕ್ಕಳನ್ನು, ಕಡೆಗೆ ಪ್ರಾರ್ಥನೆಯನ್ನು. ಅರವತ್ತು ವರ್ಷ ತಪ್ಪದೆ ದೇವಾಲಯಕ್ಕೆ ಹೋದಾಕೆ, ಯೇಸು ಯಾರು ಎಂದರೆ ಸುಮ್ಮನೆ ನೋಡುತ್ತಿದ್ದರಂತೆ. ಪ್ರಾರ್ಥನಾ ಕೂಟದ ಯಾರೋ ಒಬ್ಬರು, ಕಡೆಯ ತನಕ ತಾಳಿಕೊಂಡವರಿಗೇ ರಕ್ಷಣೆ ಎಂದು ಅವರ ಎದುರೇ ಹೇಳಿ ಹೋದರು. ಆ ದಿನ ಅಕ್ಕ ನನ್ನ ಹತ್ತಿರ ಕೂತು ಕೇಳಿದರು, “ಅಮ್ಮ ದೇವರನ್ನು ಮರೆತಿದ್ದಾಳೆ, ಟೀಚರ್. ಕೈ ಸಡಿಲಾಗಿದೆ. ಹಾಗಾದರೆ ಅರವತ್ತು ವರ್ಷದ್ದು ಏನಾಯಿತು?”

ನಾನು ಕ್ರೈಸ್ತಳಲ್ಲ, ಧರ್ಮಶಾಸ್ತ್ರ ಓದಿದವಳೂ ಅಲ್ಲ. ನಮ್ಮಲ್ಲಿ ಹೀಗೊಂದು ಬೆಕ್ಕಿನ ಮರಿಯ ಮಾತಿದೆ, ಅಕ್ಕ, ಎಂದು ಹೇಳಿದೆ. ಮರಿಗೆ ತಾಯಿಯ ಹೆಸರು ಗೊತ್ತಿರಬೇಕಾಗಿಲ್ಲ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮಲ್ಲೂ ಇದೆ. ಆದರೆ ಹೇಳುವವರು ಬೇಕಲ್ಲ” ಎಂದರು.

ಅವರ ಮಾತು ನಿಜ. ಇಂಗ್ಲೆಂಡಿನ ಪ್ಯೂರಿಟನ್ ಪಂಡಿತರು 1640ರ ದಶಕದಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಸೇರಿ ಬರೆದ ವಿಶ್ವಾಸಪ್ರಮಾಣದಲ್ಲಿ, ಕಡೆಯ ತನಕ ಉಳಿಯುವ ವಿಷಯಕ್ಕೆ ಹದಿನೇಳನೆಯ ಅಧ್ಯಾಯ, ನಿಶ್ಚಯದ ವಿಷಯಕ್ಕೆ ಹದಿನೆಂಟನೆಯದು, ಹೀಗೆ ಬೇರೆ ಬೇರೆ ಮಾಡಿದ್ದಾರೆ. ದೇವರು ಹಿಡಿದಿರುವುದು ಒಂದು. ಹಿಡಿದಿದ್ದಾನೆಂದು ನನಗೆ ಅನಿಸುವುದು ಇನ್ನೊಂದು. ನಿಜವಾದ ವಿಶ್ವಾಸಿಗೂ ಆ ಅನಿಸಿಕೆ ಬಹುಕಾಲ ಬಾರದೆ ಹೋಗಬಹುದು, ಬಂದದ್ದು ಅಲುಗಾಡಬಹುದು ಎಂದು ಅವರು ಒಪ್ಪಿದರು.

ಇದನ್ನು ತನ್ನ ಬಾಳಿನಲ್ಲಿ ಅನುಭವಿಸಿದವನು ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿ. ಕುದುರೆಯ ಮೇಲೆ ಕೂತು ಊರೂರು ಓಡುವ ಜಾನ್ ಗಿಲ್ಪಿನ್ ಪದ್ಯ ಬರೆದು ಓದುಗರನ್ನೆಲ್ಲ ನಗಿಸಿದವನು. ಹುಟ್ಟಿದ್ದು 1731ರಲ್ಲಿ, ಮರೀ ಗೋಪುರ ಸೇರಿದ ಮಾರನೆಯ ವರ್ಷ. ಆರು ವರ್ಷಕ್ಕೆ ತಾಯಿ ಸತ್ತಳು. 1763ರಲ್ಲಿ ಒಂದು ಹುದ್ದೆಯ ಪರೀಕ್ಷೆಗೆ ಹೆದರಿ ಬುದ್ಧಿ ಕೆಟ್ಟು ಜೀವ ಕಳೆದುಕೊಳ್ಳಲು ಹೊರಟ. ಚೇತರಿಸಿಕೊಂಡು ಭಕ್ತನಾದ. ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದ ಜಾನ್ ನ್ಯೂಟನ್ ಅವನ ಗೆಳೆಯ. ಇಬ್ಬರೂ ಸೇರಿ ಬರೆದ ಕೀರ್ತನೆಗಳು 1779ರಲ್ಲಿ ಅಚ್ಚಾದವು. ಆದರೆ ಅಷ್ಟು ಹೊತ್ತಿಗೆ ಕೂಪರ್ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದ. 1773ರಲ್ಲಿ ಅವನಿಗೊಂದು ಕನಸು ಬಿತ್ತು. ನಿನ್ನದು ಮುಗಿಯಿತು ಎಂದು ದೇವರೇ ಹೇಳಿದಂತೆ. ಅಂದಿನಿಂದ 1800ರಲ್ಲಿ ಸಾಯುವವರೆಗೂ ತಾನು ಕೈಬಿಡಲ್ಪಟ್ಟವನು ಎಂದೇ ನಂಬಿದ್ದ. ಪ್ರಾರ್ಥಿಸುವ ಹಕ್ಕೂ ತನಗಿಲ್ಲವೆಂದುಕೊಂಡ. ಬೇರೆಯವರಿಗೆಲ್ಲ ಕೃಪೆಯುಂಟು, ನನಗೊಬ್ಬನಿಗಿಲ್ಲ ಎಂಬುದು ಅವನ ನಿಶ್ಚಯ. ನಿಶ್ಚಯ ಹೀಗೆ ತಿರುಗುಮುರುಗಾಗಿಯೂ ಇರಬಲ್ಲದು ನೋಡಿ.

ಅವನನ್ನು ಇಪ್ಪತ್ತೇಳು ವರ್ಷ ಬದುಕಿಸಿದ್ದು ಯಾವುದು? ನ್ಯೂಟನ್ ಕೊನೆಯವರೆಗೂ, ಇವನು ದೇವರ ಮಗುವೇ, ಕಾಯಿಲೆ ಇವನ ಕಣ್ಣು ಕಟ್ಟಿದೆ ಎಂಬ ನಂಬಿಕೆ ಬಿಡಲಿಲ್ಲ. ಮೇರಿ ಅನ್‌ವಿನ್ ಎಂಬ ವಿಧವೆ ಅವನನ್ನು ಮನೆಯಲ್ಲಿಟ್ಟುಕೊಂಡು ಹಗಲಿರುಳು ಕಾದಳು. ಜನರ ಬಾಯಿಗೆ ಹೆದರಲಿಲ್ಲ. ಅವಳಿಗೇ ಲಕ್ವ ಹೊಡೆದು ಮಾತು ತಡವರಿಸಿದಾಗ ಅವನು ಅವಳನ್ನು ನೋಡಿಕೊಂಡ. ಮೊಲಗಳನ್ನು ಸಾಕಿದ, ತೋಟ ಮಾಡಿದ, ಗುಲಾಮರ ವ್ಯಾಪಾರವನ್ನು ಖಂಡಿಸಿ ಪದ್ಯ ಬರೆದ. ತನಗೆ ದೇವರಿಲ್ಲ ಎಂದುಕೊಂಡವನು ಬೇರೆಯವರಿಗಾಗಿ ಒಳ್ಳೆಯದನ್ನು ಮಾಡುತ್ತಲೇ ಇದ್ದ. ಅವನ ಕೈ ಸಡಿಲಾಗಿದ್ದಾಗ ಇತರರ ಕೈಗಳು ಬಿಗಿಯಾಗಿದ್ದವು.

ಹಾಗಾದರೆ ಮತ ಬಿಟ್ಟು ಹೊರಗೆ ಹೋದವರ ಮಾತೇನು? ಮರೀ ಕಾಗದ ಬರೆದು ಬರೆದು ಬೆಳೆಸಿದ ಸೋದರ ಸೊಸೆ ಆನ್, ಬೆಳೆದ ಮೇಲೆ ಒಬ್ಬ ಕ್ಯಾಥೊಲಿಕನನ್ನು ಮದುವೆಯಾಗಿ ಆ ಮತಕ್ಕೆ ಸೇರಿದಳು. ಅಪ್ಪ ಯಾವುದಕ್ಕಾಗಿ ಗಲ್ಲಿಗೇರಿದನೋ, ಅತ್ತೆ ಯಾವುದಕ್ಕಾಗಿ ಕಲ್ಲಿನೊಳಗೆ ಕೂತಿದ್ದಳೋ, ಅದನ್ನು ಮಗಳು ಬಿಟ್ಟುಕೊಟ್ಟಳು. ಮರೀಗೆ ಗೋಪುರದ ಚಳಿಗಿಂತ ಇದು ಹೆಚ್ಚು ಕೊರೆದಿರಬೇಕು. ಆದರೆ ಅನಾಥವಾಗಿ ಬೆಳೆದ, ಕೈಯಲ್ಲಿ ಕಾಸಿಲ್ಲದ ಆ ಹುಡುಗಿಯನ್ನು ಬಯ್ಯಲು ನನ್ನ ಬಾಯಿ ಬರುವುದಿಲ್ಲ. ಉಳಿದವಳ ಮೇಲೆ ಗೌರವವಿದ್ದರೆ ಹೋದವಳ ಮೇಲೆ ತಿರಸ್ಕಾರ ಬೇಕೇಬೇಕೆಂದಿಲ್ಲ.

ಇದು ಒಂದು ಮತದವರ ಹಿರಿಮೆಯ ಕಥೆಯೂ ಅಲ್ಲ. ಪ್ರಾಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಕ್ಲಿದರೋ ಎಂಬ ಕ್ಯಾಥೊಲಿಕ್ ಗೃಹಿಣಿ ಪಾದ್ರಿಗಳನ್ನು ಮನೆಯಲ್ಲಿ ಅಡಗಿಸಿಟ್ಟ ಆರೋಪಕ್ಕೆ ಉತ್ತರ ಕೊಡಲು ಒಪ್ಪದಿದ್ದಾಗ, 1586ರಲ್ಲಿ ಯಾರ್ಕ್ ನಗರದಲ್ಲಿ ಆಕೆಯ ಮೇಲೆ ಭಾರ ಹೇರಿ ಕೊಂದರು. ಇತ್ತ ಮರೀಗೆ ಬಿಡುಗಡೆ ಕೊಡಿಸಿದವನು ಕ್ಯಾಥೊಲಿಕನೇ. ಲಾಂಗ್‌ಡಾಕ್ ಪ್ರಾಂತದ ಅಧಿಕಾರಿ ಪ್ರಿನ್ಸ್ ದ ಬೋವೋ ಗೋಪುರಕ್ಕೆ ಬಂದು ಅಲ್ಲಿಯ ಮುದುಕಿಯರನ್ನು ಕಂಡು ಮನಸ್ಸು ಕರಗಿ, ಮೇಲಿನವರ ಅಸಮಾಧಾನವನ್ನೂ ಲೆಕ್ಕಿಸದೆ ಒಬ್ಬೊಬ್ಬರನ್ನಾಗಿ ಬಿಡಿಸಿದ. ಮರೀ ಹೊರಗೆ ಬಂದದ್ದು 1768ರ ಏಪ್ರಿಲ್ 14ರಂದು. ಅದೇ ವರ್ಷ ಉಳಿದವರೂ ಹೊರಬಂದರು. ಪ್ರಾಟೆಸ್ಟೆಂಟರ ಮದುವೆ, ಹುಟ್ಟು, ಸಾವುಗಳನ್ನು ಕಾನೂನು ಒಪ್ಪಿಕೊಂಡದ್ದು 1787ರಲ್ಲಿ. ಅದನ್ನು ನೋಡಲು ಮರೀ ಇರಲಿಲ್ಲ.

ಅವಳು ಬೂಶೆಯ ತೌರುಮನೆಗೇ ಹಿಂತಿರುಗಿದಳು. ಅಣ್ಣ ಇಲ್ಲ, ಅಪ್ಪ ಇಲ್ಲ, ಕೈಹಿಡಿದವನು ಸೆರೆಯಿಂದ ಬಿಡುಗಡೆಯಾಗಿ ಎಂದೋ ದೇಶ ಬಿಟ್ಟಿದ್ದ. ಮನೆ ಶಿಥಿಲವಾಗಿತ್ತು, ಸಾಲವೂ ಇತ್ತು. ಆಮ್‌ಸ್ಟರ್‌ಡ್ಯಾಮಿನ ಸಭೆಯವರು ಸಣ್ಣದೊಂದು ಪಿಂಚಣಿ ಕಳಿಸುತ್ತಿದ್ದರು. ಗೋಪುರದಲ್ಲಿ ಜೊತೆಗಿದ್ದ ಇನ್ನೊಬ್ಬಾಕೆಯನ್ನು ಮನೆಯಲ್ಲಿಟ್ಟುಕೊಂಡು ಇದ್ದುದರಲ್ಲೇ ಹಂಚಿಕೊಂಡು ಬದುಕಿ 1776ರಲ್ಲಿ ತೀರಿಕೊಂಡಳು. ಅಪ್ಪ ಕೆತ್ತಿಸಿದ ಕಲ್ಲು ಒಲೆಯ ಮೇಲೆ ಹಾಗೇ ಇತ್ತು. ಇಂದಿಗೂ ಇದೆ, ಆ ಮನೆ ಈಗ ವಸ್ತುಸಂಗ್ರಹಾಲಯ.

ತಾನು ರಕ್ಷಣೆ ಹೊಂದಿದವಳೆಂಬ ನಿಶ್ಚಯ ಮರೀಗೆ ಪ್ರತಿದಿನವೂ ಇತ್ತೆ? ಮೂವತ್ತೆಂಟು ವರ್ಷದಲ್ಲಿ ಒಂದು ರಾತ್ರಿಯಾದರೂ ಇದೆಲ್ಲ ವ್ಯರ್ಥವೇನೋ ಎನಿಸಿರದೆ ಇರುತ್ತದೆಯೆ? ನಿಶ್ಚಯ ಬಂದಾಗ ಸುಖ, ಬಾರದಿದ್ದಾಗಲೂ ಅಂದಿನ ಕೆಲಸ ಇರುತ್ತದೆ: ಪಕ್ಕದವಳಿಗೆ ನೀರು ಕೊಡುವುದು, ಬಾರದವಳ ಕಾಗದ ಬರೆಯುವುದು. ನಿಶ್ಚಯವಿರುವವರು ಅದನ್ನು ಇತರರನ್ನು ಅಳೆಯುವ ಗಜಕಡ್ಡಿ ಮಾಡಿಕೊಳ್ಳಬಾರದು. ಇಲ್ಲದವರ ಪಾಲಿಗೂ ತಾವೇ ಸ್ವಲ್ಪ ನಂಬಬೇಕು. ನ್ಯೂಟನ್ ಕೂಪರನಿಗಾಗಿ ನಂಬಿದಂತೆ. ಮರೆವಿನ ತಾಯಿಯ ಬಾಯಿಗೆ ಗಂಜಿ ಹಾಕುವ ಮಗಳು ಮಾಡುತ್ತಿರುವುದೂ ಅದನ್ನೇ. ಹಿಡಿದುಕೊಂಡವರು ಯಾರು ಎಂದು ಆ ತಾಯಿಗೆ ಗೊತ್ತಿಲ್ಲ. ಹಿಡಿದ ಕೈ ಮಾತ್ರ ಬಿಟ್ಟಿಲ್ಲ.